ಕೋಟೆ ಗೋಡೆಯ ಮೇಲಿನ ಒಂದು ಸಾಲು: ಸ್ಮಾರಕ ಫಲಕವನ್ನು ಮಕ್ಕಳಿಗೆ ಓದಿಸುವ ಬಗೆ

ಬೋಧನಾಭ್ಯಾಸದ ಎರಡನೆಯ ವಾರ. ನನ್ನ ಬೋಧನಾ ವಿಷಯಗಳು ಗಣಿತ ಮತ್ತು ಭೌತವಿಜ್ಞಾನ. ಆದರೆ ಶಾಲೆಯ ಸಮಾಜ ವಿಜ್ಞಾನ ಶಿಕ್ಷಕರು ತರಬೇತಿಗೆ ಹೋಗಿದ್ದರಿಂದ ಆಂಗ್ಲೋ-ಮೈಸೂರು ಯುದ್ಧಗಳ ಪಾಠದ ಕೆಲವು ಅವಧಿಗಳು ನನ್ನ ಪಾಲಿಗೆ ಬಂದವು. ಮೊದಲ ಅವಧಿಯಲ್ಲಿ ನಾನು ಮಾಡಿದ್ದು ಬಹಳ ಸರಳ. ಕಪ್ಪು ಹಲಗೆಯ ಮೇಲೆ ಕೋಷ್ಟಕ ಹಾಕಿದೆ: ಯುದ್ಧ, ವರ್ಷ, ಒಪ್ಪಂದ, ಪರಿಣಾಮ. ಮಕ್ಕಳು ಬರೆದುಕೊಂಡರು. ಅವಧಿ ಮುಗಿಯಲು ಐದು ನಿಮಿಷ ಇದ್ದಾಗ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ಅವನ ತಂದೆಗೆ ಕೆ.ಆರ್. ಮಾರ್ಕೆಟ್ಟಿನಲ್ಲಿ ಸೊಪ್ಪಿನ ವ್ಯಾಪಾರ.

“ಮಿಸ್, ಮಾರ್ಕೆಟ್ ಹತ್ರ ಕೋಟೆ ಗೋಡೆ ಮೇಲೆ ಇಂಗ್ಲಿಷಲ್ಲಿ ಏನೋ ಬರ್ದಿದಾರಲ್ಲ, ಅದು ಈ ಯುದ್ಧದ್ದೇನಾ?”

ಆ ದಾರಿಯಲ್ಲಿ ನಾನು ಎಷ್ಟು ಸಲ ಬಸ್ಸಿನಲ್ಲಿ ಹೋಗಿದ್ದೇನೋ ಲೆಕ್ಕವಿಲ್ಲ. ಗೋಡೆ ನೋಡಿದ್ದೆ, ಬರಹ ಓದಿರಲಿಲ್ಲ. “ನಾಳೆ ಹೇಳ್ತೀನಿ” ಎಂದೆ. ಸಂಜೆ ಮಾರ್ಕೆಟ್ಟಿಗೆ ಹೋಗಿ ಓದಿದೆ. ಅಮೃತಶಿಲೆಯ ಫಲಕ, ಒಂದೇ ವಾಕ್ಯ. 1791ರ ಮಾರ್ಚ್ 21ರಂದು ಬ್ರಿಟಿಷರ ದಾಳಿ ಗೋಡೆಯ ಈ ಒಡಕಿನ ಮೂಲಕ ನಡೆಯಿತು ಎಂಬುದು ಅದರ ಅರ್ಥ.

ಈ ಒಂದು ವಾಕ್ಯದಿಂದ ಎಷ್ಟು ಪಾಠ ಹುಟ್ಟಬಹುದು, ನಾನು ಎಲ್ಲಿ ಎಡವಿದೆ ಎಂಬುದನ್ನು ನಮ್ಮ ಕಾಲೇಜಿನ ಇತರ ಪ್ರಶಿಕ್ಷಣಾರ್ಥಿಗಳಿಗೆ ತಿಳಿಸುವುದು ಈ ಲೇಖನದ ಉದ್ದೇಶ.

ಎರಡು ಕೋಟೆಗಳು, ಒಂದು ಗೊಂದಲ

ಪೂರ್ವಜ್ಞಾನ ಪರೀಕ್ಷಿಸಲು “ಬೆಂಗಳೂರು ಕೋಟೆ ಕಟ್ಟಿಸಿದವರು ಯಾರು?” ಎಂದು ಕೇಳಿದೆ. ಅರ್ಧ ತರಗತಿ ಕೆಂಪೇಗೌಡ ಎಂದಿತು, ಉಳಿದರ್ಧ ಟಿಪ್ಪು ಸುಲ್ತಾನ್ ಎಂದಿತು. ಈ ಗೊಂದಲವನ್ನು ಮೊದಲು ಬಿಡಿಸದೆ ಮುಂದೆ ಹೋದರೆ ಪಾಠ ನಿಲ್ಲುವುದಿಲ್ಲ.

ಒಂದನೇ ಕೆಂಪೇಗೌಡರು 1537ರಲ್ಲಿ ಬೆಂಗಳೂರನ್ನು ಕಟ್ಟಿದಾಗ ಹಾಕಿಸಿದ್ದು ಮಣ್ಣಿನ ಕೋಟೆ. ಮುಂದೆ ಊರು ಬೆಳೆದಂತೆ ಎರಡು ಭಾಗಗಳು ಸ್ಪಷ್ಟವಾದವು. ಉತ್ತರಕ್ಕೆ ಪೇಟೆ: ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆ ಮುಂತಾದವು ಸೇರಿದ ವ್ಯಾಪಾರದ ಊರು. ಅದರ ಸುತ್ತ ಮಣ್ಣಿನ ಗೋಡೆ, ಕಂದಕ, ಮುಳ್ಳುಬೇಲಿ ಇದ್ದವು. ಪೇಟೆಯ ದಕ್ಷಿಣಕ್ಕೆ ಮೊಟ್ಟೆಯ ಆಕಾರದ ಕೋಟೆ. ಇದನ್ನು ಹೈದರಾಲಿ 1761ರ ಹೊತ್ತಿಗೆ ಕಲ್ಲಿನಲ್ಲಿ ಮತ್ತೆ ಕಟ್ಟಿಸಿದನು, ಟಿಪ್ಪು ಇನ್ನಷ್ಟು ಬಲಪಡಿಸಿದನು. ಉತ್ತರದ ಬಾಗಿಲಿಗೆ ದೆಹಲಿ ಬಾಗಿಲು, ದಕ್ಷಿಣದ್ದಕ್ಕೆ ಮೈಸೂರು ಬಾಗಿಲು ಎಂದು ಹೆಸರು. ಇಂದು ಉಳಿದಿರುವುದು ದೆಹಲಿ ಬಾಗಿಲು ಮತ್ತು ಅದರ ಅಕ್ಕಪಕ್ಕದ ಸ್ವಲ್ಪ ಗೋಡೆ, ಕೊತ್ತಲ ಮಾತ್ರ. ಉಳಿದದ್ದನ್ನು ರಸ್ತೆ, ಆಸ್ಪತ್ರೆ, ಶಾಲೆ, ಮಾರುಕಟ್ಟೆಗಳು ನುಂಗಿವೆ. ಟಿಪ್ಪುವಿನ ಬೇಸಿಗೆ ಅರಮನೆ ಈಗ ಬೇರೆಯಾಗಿ ನಿಂತಿದ್ದರೂ ಅದು ಇದ್ದದ್ದು ಈ ಕೋಟೆಯ ಒಳಗೇ.

ಲಾಲ್‌ಬಾಗಿನ ಬಂಡೆಯ ಮೇಲಿನ ಗೋಪುರವೂ ಕೋಟೆಯ ಭಾಗವೇ ಎಂದು ಕೆಲವು ಮಕ್ಕಳು ಕೇಳಿದರು. ಅಲ್ಲ. ಅದು ಕೆಂಪೇಗೌಡರ ಹೆಸರಿನ ನಾಲ್ಕು ಗಡಿ ಗೋಪುರಗಳಲ್ಲಿ ಒಂದು, ಯುದ್ಧದ ಸ್ಮಾರಕವಲ್ಲ. ಇಷ್ಟನ್ನು ಒಂದು ಕೈನಕ್ಷೆ ಬರೆದು ತೋರಿಸಿದರೆ ಹತ್ತು ನಿಮಿಷ ಸಾಕು.

1791ರ ಮಾರ್ಚ್ ತಿಂಗಳಲ್ಲಿ ನಡೆದದ್ದು

ಮೂರನೆಯ ಆಂಗ್ಲೋ-ಮೈಸೂರು ಯುದ್ಧ 1790ರಲ್ಲಿ ಶುರುವಾಯಿತು. ಕಂಪನಿಯ ಜೊತೆ ನಿಜಾಮ ಮತ್ತು ಮರಾಠರು ಸೇರಿಕೊಂಡಿದ್ದರು. ಗವರ್ನರ್ ಜನರಲ್ ಕಾರ್ನ್‌ವಾಲಿಸ್ ತಾನೇ ಸೈನ್ಯದ ಮುಂದೆ ನಿಂತು ಘಟ್ಟ ಹತ್ತಿ ಕೋಲಾರ, ಹೊಸಕೋಟೆಯ ದಾರಿಯಾಗಿ 1791ರ ಮಾರ್ಚ್ 5ರಂದು ಬೆಂಗಳೂರಿಗೆ ಬಂದನು.

ಮಾರ್ಚ್ 7ರಂದು ಮೊದಲು ಬಿದ್ದದ್ದು ಪೇಟೆ. ಹಲಸೂರು ಬಾಗಿಲಿನ ಬಳಿ ಘೋರ ಕಾಳಗವಾಯಿತು. ಕಂಪನಿಯ ಫಿರಂಗಿ ದಳದ ಅಧಿಕಾರಿ ಮೂರ್‌ಹೌಸ್ ಅಲ್ಲಿಯೇ ಸತ್ತನು. ಅದೇ ದಿನ ಪೇಟೆಯನ್ನು ಮರಳಿ ಪಡೆಯಲು ಟಿಪ್ಪು ಸೈನ್ಯ ಕಳಿಸಿದನು. ಬೀದಿ ಬೀದಿಗಳಲ್ಲಿ ಹೊಡೆದಾಟವಾಯಿತು, ಪೇಟೆ ಕೈಗೆ ಬರಲಿಲ್ಲ. ಇಲ್ಲಿ ಮಕ್ಕಳಿಗೆ ಒಂದು ಪ್ರಶ್ನೆ ಹಾಕಬಹುದು: ಕೋಟೆ ಬೇಕಾದವನು ಪೇಟೆಯನ್ನು ಏಕೆ ಮೊದಲು ಹಿಡಿದ? ಮಾರ್ಕೆಟ್ ಹುಡುಗನೇ ಉತ್ತರ ಹೇಳಿದ: “ಅಲ್ಲಿ ದವಸ ಇತ್ತು ಮಿಸ್.” ಅವನ ಮಾತು ಸರಿ. ಇನ್ನೊಂದು ಕಾರಣವೂ ಇದೆ. ಪೇಟೆಯ ಮನೆಗಳ ಮರೆಯಲ್ಲಿ ನಿಂತು ಕೋಟೆಯ ಉತ್ತರದ ಗೋಡೆಗೆ ತೋಪು ಹೂಡಬಹುದಿತ್ತು.

ಮುಂದಿನ ಎರಡು ವಾರ ಗೋಡೆಗೆ ಗುಂಡಿನ ಮಳೆ. ಟಿಪ್ಪು ತನ್ನ ಸೈನ್ಯದೊಡನೆ ಹೊರಗೆ ಸಮೀಪದಲ್ಲೇ ಇದ್ದನು. ಕೋಟೆಯ ಒಳಗಿನ ಹೊಣೆ ಕಿಲ್ಲೇದಾರ ಬಹದ್ದೂರ್ ಖಾನ್‌ನದು. ಮಾರ್ಚ್ 21ರ ರಾತ್ರಿ ಲಗ್ಗೆ ನಡೆಯಿತು. ಕಿಲ್ಲೇದಾರ ಹೋರಾಡುತ್ತಲೇ ಸತ್ತನು. ಒಳಗಿದ್ದವರಲ್ಲಿ ಸಾವಿರಕ್ಕೂ ಹೆಚ್ಚು ಜನ ಸತ್ತರೆಂದು ಬ್ರಿಟಿಷರ ಬರಹಗಳೇ ಹೇಳುತ್ತವೆ. ಬೆಂಗಳೂರು ಕೈಬಿಟ್ಟ ಮೇಲೆ ಶತ್ರುವಿಗೆ ಶ್ರೀರಂಗಪಟ್ಟಣದ ದಾರಿಯಲ್ಲಿ ಒಂದು ನೆಲೆ ಸಿಕ್ಕಿತು. 1792ರ ಶ್ರೀರಂಗಪಟ್ಟಣ ಒಪ್ಪಂದದಲ್ಲಿ ಟಿಪ್ಪು ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ ಮತ್ತು ಒತ್ತೆಯಾಗಿ ಇಬ್ಬರು ಮಕ್ಕಳನ್ನು ಕೊಡಬೇಕಾಯಿತು. ನನ್ನ ಕೋಷ್ಟಕದಲ್ಲಿ ‘ಪರಿಣಾಮ’ ಎಂಬ ಕಲಂನಲ್ಲಿದ್ದದ್ದು ಇದು. ಅದಕ್ಕೂ ಮಾರ್ಕೆಟ್ಟಿನ ಗೋಡೆಗೂ ಸಂಬಂಧವಿದೆ ಎಂದು ಮಕ್ಕಳಿಗಿಂತ ಮೊದಲು ನನಗೇ ಹೊಳೆಯಬೇಕಿತ್ತು.

ಒಡಕು ಎಂದರೆ ತೂತಲ್ಲ

ನನ್ನ ತಪ್ಪು ಆದದ್ದು ಇಲ್ಲಿ. “ಗೋಡೆಗೆ ತೂತು ಮಾಡಿ ಒಳಗೆ ನುಗ್ಗಿದರು” ಎಂದು ತರಗತಿಯಲ್ಲಿ ಹೇಳಿಬಿಟ್ಟೆ. ಮುಖ್ಯ ಶಿಕ್ಷಕರ ಅನುಮತಿ ಪಡೆದು ಶನಿವಾರ ಮಕ್ಕಳನ್ನು ಕರೆದುಕೊಂಡು ಹೋದಾಗ ಎಲ್ಲರೂ ಫಲಕದ ಕೆಳಗೆ ತೂತು ಹುಡುಕತೊಡಗಿದರು. ಗೋಡೆ ಗಟ್ಟಿಯಾಗಿ ನಿಂತಿತ್ತು. ಒಬ್ಬಳು ಕಲ್ಲಿನ ಸಂದಿಗೆ ಬೆರಳು ತೂರಿಸಿ “ಇದೇನಾ ಮಿಸ್?” ಎಂದಳು. ಜೊತೆಗೆ ಬಂದಿದ್ದ ನನ್ನ ಮಾರ್ಗದರ್ಶಕ ಶಿಕ್ಷಕಿ ಅವಲೋಕನ ಪುಸ್ತಕದಲ್ಲಿ ಬರೆದರು: ‘ಭೌತವಿಜ್ಞಾನದವರು ನೀವು, ಗೋಡೆ ಹೇಗೆ ಬೀಳುತ್ತದೆ ಎಂದು ಯೋಚಿಸಿ ಬರಬೇಕಿತ್ತು.’ ಮಾತು ಚುರುಕಾಗಿಯೇ ತಾಗಿತು. ಮುಂದಿನ ಅವಧಿಗೆ ಯೋಚಿಸಿಕೊಂಡು ಹೋದೆ.

ಕೋಟೆಯ ಗೋಡೆಗೆ ನಡುವೆ ತೂತು ಕೊರೆಯುವುದು ಮುತ್ತಿಗೆ ಹಾಕಿದವರ ಗುರಿಯಲ್ಲ. ಗೋಡೆಯ ಕೆಳಭಾಗಕ್ಕೆ ಒಂದೇ ಸಾಲಿನಲ್ಲಿ ಗುಂಡು ಹೊಡೆಯುತ್ತಾರೆ. ಮುಖದ ಕಲ್ಲು ಸಡಿಲವಾದಂತೆ ಮೇಲಿನ ಭಾಗಕ್ಕೆ ಆಧಾರ ತಪ್ಪುತ್ತದೆ. ಆಮೇಲೆ ಗೋಡೆಯ ತೂಕವೇ ಗೋಡೆಯನ್ನು ಕೆಡವುತ್ತದೆ. ಕಲ್ಲು, ಒಳಗೆ ತುಂಬಿದ ಮಣ್ಣು ಎಲ್ಲ ಮುಂದಕ್ಕೆ ಜಾರಿ ಕಂದಕಕ್ಕೆ ಬಿದ್ದು ಇಳಿಜಾರಾಗುತ್ತದೆ. ಸೈನಿಕರು ಹತ್ತುವುದು ಆ ಇಳಿಜಾರನ್ನು. ಕನ್ನಡದಲ್ಲಿ ‘ಲಗ್ಗೆ ಹತ್ತು’ ಎನ್ನುತ್ತೇವಲ್ಲ, ಆ ‘ಹತ್ತು’ ಎಂಬ ಕ್ರಿಯಾಪದ ಇಲ್ಲಿ ಚೆನ್ನಾಗಿ ಅರ್ಥವಾಗುತ್ತದೆ. ಕೋಟೆ ಕೈಗೆ ಬಂದ ಮೇಲೆ ಒಡಕನ್ನು ಮುಚ್ಚಿದರು. ಹಾಗಾಗಿ ಇಂದು ಕಾಣುವುದು ಇಡಿಯಾದ ಗೋಡೆ ಮತ್ತು ಅದರ ಮೇಲೆ ಒಡಕಿನ ಬಗ್ಗೆ ಹೇಳುವ ಫಲಕ.

ಇದನ್ನು ತೋರಿಸಲು ಮರಳಿನ ತಟ್ಟೆ ಸಾಕು. ಒದ್ದೆ ಮರಳಿನಲ್ಲಿ ಗೋಡೆ ಕಟ್ಟಿ ಮುಂದೆ ಸಣ್ಣ ಕಂದಕ ತೆಗೆಯಿರಿ. ಮಕ್ಕಳು ಗೋಲಿಯನ್ನು ಬುಡಕ್ಕೆ ಹೊಡೆಯಲಿ. ಇನ್ನೊಂದು ತಂಡ ಮೇಲ್ತುದಿಗೆ ಹೊಡೆಯಲಿ. ಬುಡಕ್ಕೆ ಹೊಡೆದಲ್ಲಿ ಕಂದಕ ತುಂಬಿ ಇಳಿಜಾರು ಬರುತ್ತದೆ, ಮೇಲೆ ಹೊಡೆದಲ್ಲಿ ತುದಿ ಮಾತ್ರ ಉದುರುತ್ತದೆ.

ಚಲನ ಶಕ್ತಿಯ ಲೆಕ್ಕವನ್ನೂ ಇಲ್ಲೇ ಮಾಡಿಸಬಹುದು. ಆ ಕಾಲದ ಮುತ್ತಿಗೆ ತೋಪುಗಳಲ್ಲಿ 18 ಪೌಂಡಿನ ಕಬ್ಬಿಣದ ಗುಂಡು ಸಾಮಾನ್ಯ. ಅಂದರೆ ಸುಮಾರು 8 ಕಿಲೋಗ್ರಾಂ, ಸುಮಾರು 13 ಸೆಂಟಿಮೀಟರ್ ವ್ಯಾಸ. ತೋಪಿನ ಬಾಯಿಂದ ಹೊರಡುವಾಗಿನ ವೇಗ ಸೆಕೆಂಡಿಗೆ 400 ಮೀಟರ್ ಎಂದು ಇಟ್ಟುಕೊಂಡರೆ, ಅರ್ಧ × 8 × 400 × 400 = 6,40,000 ಜೂಲ್. 10 ಟನ್ ತೂಕದ ಸಿಟಿ ಬಸ್ಸು ಗಂಟೆಗೆ ಸುಮಾರು 40 ಕಿಲೋಮೀಟರ್ ವೇಗದಲ್ಲಿ ಹೋಗುವಾಗ ಅದಕ್ಕಿರುವ ಚಲನ ಶಕ್ತಿಯೂ ಇಷ್ಟೇ. ಆ ಶಕ್ತಿಯೆಲ್ಲ ಅಂಗೈಯಗಲದ ಜಾಗದ ಮೇಲೆ ಬೀಳುತ್ತದೆ. ಗಾಳಿಯ ತಡೆಯಿಂದ ಗೋಡೆ ಮುಟ್ಟುವ ಹೊತ್ತಿಗೆ ವೇಗ ಕಡಿಮೆಯಾಗಿರುತ್ತದೆ ಎಂಬುದನ್ನು ಸೇರಿಸಿ ಹೇಳಿ. ಹೇಳದಿದ್ದರೆ ಯಾರಾದರೂ ಒಬ್ಬರು ಕೇಳಿಯೇ ಕೇಳುತ್ತಾರೆ.

ಅಂದು ಬೆಳದಿಂಗಳಿತ್ತೇ?

ಲಗ್ಗೆ ಬೆಳದಿಂಗಳಲ್ಲಿ ನಡೆಯಿತು ಎಂದು ಆ ಕಾಲದ ಬರಹಗಳು ಹೇಳುತ್ತವೆ. ಇದು ನಿಜವೇ ಎಂದು ನಾವೇ ಪರೀಕ್ಷಿಸಬಹುದಲ್ಲ ಎಂದುಕೊಂಡೆ. ಹುಣ್ಣಿಮೆಯಿಂದ ಹುಣ್ಣಿಮೆಗೆ ಸರಾಸರಿ 29.530588 ದಿನ. 2000ದ ಜನವರಿ 21ರಂದು ಹುಣ್ಣಿಮೆ ಇತ್ತು, ಪೂರ್ಣ ಚಂದ್ರಗ್ರಹಣವೂ ಆಗಿತ್ತು. 1791ರ ಮಾರ್ಚ್ 21ರಿಂದ ಅಲ್ಲಿಯವರೆಗೆ ಎಷ್ಟು ದಿನ? 1800 ಮತ್ತು 1900 ಅಧಿಕ ವರ್ಷಗಳಲ್ಲ ಎಂಬುದನ್ನು ಮರೆಯದೆ ಎಣಿಸಿದರೆ 76,276 ದಿನ.

ಇದನ್ನು 29.530588ರಿಂದ ಭಾಗಿಸಿದರೆ 2,582 ಪೂರ್ಣ ಸುತ್ತುಗಳು, ಅಂದರೆ ಸುಮಾರು 76,248 ದಿನ. ಉಳಿಯುವುದು 28 ದಿನ. ಲಗ್ಗೆಯ ದಿನದಿಂದ 28 ದಿನಕ್ಕೆ ಮುಂದಿನ ಹುಣ್ಣಿಮೆ ಎಂದಾಯಿತು. ಹಾಗಾದರೆ ಹಿಂದಿನ ಹುಣ್ಣಿಮೆ ಕಳೆದು ಸುಮಾರು ಒಂದೂವರೆ ದಿನವಾಗಿತ್ತು. ಚಂದ್ರ ಸಂಜೆ ಸ್ವಲ್ಪ ತಡವಾಗಿ ಹುಟ್ಟಿ ರಾತ್ರಿಯಿಡೀ ಬೆಳಗುವ ದಿನ. ಬರಹ ಹೇಳಿದ್ದು ನಿಜ.

ಒಂದು ಗುಂಪು 29.53 ಎಂದು ಮಾತ್ರ ತೆಗೆದುಕೊಂಡು ಲೆಕ್ಕ ಮಾಡಿತು. ಅವರಿಗೆ ಮಾರ್ಚ್ 21ರಂದೇ ಹುಣ್ಣಿಮೆ ಎಂದು ಉತ್ತರ ಬಂತು. “ದಶಾಂಶದಾಚೆ ಮೂರನೇ ಅಂಕೀನ ಬಿಟ್ರೆ ಏನಾಗತ್ತೆ ಮಿಸ್?” ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರ ನನ್ನ ಬಳಿ ಇರಲಿಲ್ಲ: 0.000588ನ್ನು 2,582ರಿಂದ ಗುಣಿಸಿ ನೋಡಿ, ಒಂದೂವರೆ ದಿನ ಬರುತ್ತದೆ. ಸಣ್ಣ ದೋಷ ಎರಡು ಸಾವಿರ ಸಲ ಸೇರಿದರೆ ಸಣ್ಣದಾಗಿ ಉಳಿಯುವುದಿಲ್ಲ.

ಫಲಕ ಹೇಳುವುದು, ಹೇಳದೆ ಬಿಡುವುದು

ಮೂರನೆಯ ಅವಧಿಯಲ್ಲಿ ಫಲಕದ ವಾಕ್ಯವನ್ನು ಹಲಗೆಯ ಮೇಲೆ ಬರೆದು ನಾಲ್ಕು ಪ್ರಶ್ನೆ ಕೇಳಿದೆ. ಏನು ನಡೆಯಿತು? ಎಲ್ಲಿ? ಯಾವಾಗ? ಯಾರು ಮಾಡಿದರು? ನಾಲ್ಕಕ್ಕೂ ಉತ್ತರ ವಾಕ್ಯದಲ್ಲೇ ಇದೆ. ಒಳ್ಳೆಯ ಮಾಹಿತಿ ಫಲಕ ಎಂದು ಮಕ್ಕಳು ತೀರ್ಮಾನಿಸಿದರು. ಆಗ ಬೆರಳಲ್ಲಿ ಕಲ್ಲಿನ ಸಂದಿ ನೋಡಿದ್ದ ಹುಡುಗಿ ಕೇಳಿದಳು: “ಯಾರ ಮೇಲೆ ದಾಳಿ ಮಾಡಿದ್ರು ಅಂತ ಇಲ್ವಲ್ಲ ಮಿಸ್? ಒಳಗಿದ್ದೋರು ಏನಾದ್ರು?”

ತರಗತಿ ಸುಮ್ಮನಾಯಿತು. ನಾನೂ ಸುಮ್ಮನಾದೆ. ನನ್ನ ಪಾಠಯೋಜನೆಯಲ್ಲಿ ಈ ಪ್ರಶ್ನೆ ಇರಲಿಲ್ಲ.

ಆ ವಾಕ್ಯದಲ್ಲಿ ಟಿಪ್ಪು ಇಲ್ಲ. ಮೈಸೂರು ಎಂಬ ಪದವೂ ಇಲ್ಲ. ಕಿಲ್ಲೇದಾರ ಬಹದ್ದೂರ್ ಖಾನ್ ಇಲ್ಲ, ಸತ್ತ ಸಾವಿರ ಜನ ಇಲ್ಲ, ಪೇಟೆಯಲ್ಲಿ ಮನೆ ಬಿಟ್ಟು ಓಡಿದವರು ಇಲ್ಲ. ಫಲಕ ಸುಳ್ಳು ಹೇಳುವುದಿಲ್ಲ, ದಿನಾಂಕ ಸರಿಯಾಗಿದೆ, ಜಾಗವೂ ಸರಿಯಾಗಿದೆ. ಆದರೆ ಗೋಡೆಯ ಹೊರಗೆ ನಿಂತವನ ಕಣ್ಣಿಗೆ ಕಂಡದ್ದನ್ನು ಮಾತ್ರ ಹೇಳುತ್ತದೆ. ಪೇಟೆಯ ಬಾಗಿಲಲ್ಲಿ ಸತ್ತ ಮೂರ್‌ಹೌಸ್‌ನ ಸಾವನ್ನು ರಾಬರ್ಟ್ ಹೋಮ್ ಎಂಬ ಕಲಾವಿದ ದೊಡ್ಡ ಚಿತ್ರವಾಗಿ ಬರೆದಿದ್ದಾನೆ. ಗೋಡೆಯ ಒಳಗೆ ಸತ್ತವರಿಗೆ ಈ ಫಲಕದಲ್ಲಿ ಅರ್ಧ ಸಾಲೂ ಸಿಕ್ಕಿಲ್ಲ.

“ಹಾಗಾದ್ರೆ ಅದನ್ನ ಕಿತ್ತು ಹಾಕ್ಬೇಕು” ಎಂದ ಒಬ್ಬ. ಇದಕ್ಕೆ ನಾನು ಹೌದು ಅಥವಾ ಅಲ್ಲ ಎಂದು ಹೇಳಲಿಲ್ಲ. ಬೆಂಗಳೂರಿನಲ್ಲಿ ಹಾಗೆ ತೆಗೆದುಹಾಕಿದ ಉದಾಹರಣೆಯನ್ನು ಅವರ ಮುಂದೆ ಇಟ್ಟೆ.

ಇಲ್ಲದ ಸ್ತಂಭ

ಇದೇ 1791ರ ಮುತ್ತಿಗೆಯಲ್ಲಿ ಸತ್ತ ಕಂಪನಿ ಸೈನ್ಯದವರ ನೆನಪಿಗೆ ಬೆಂಗಳೂರಿನಲ್ಲಿ ಎತ್ತರದ ಸ್ತಂಭವೊಂದಿತ್ತು. ಈಗ ನಗರಪಾಲಿಕೆ ಕಚೇರಿಯ ಮುಂದೆ ಕೆಂಪೇಗೌಡರ ಪ್ರತಿಮೆ ಇರುವ ಕಡೆ ಅದು ನಿಂತಿತ್ತು. ಇಂದಿನ ನೃಪತುಂಗ ರಸ್ತೆಗೆ ಆಗ ಸೆನೊಟಾಫ್ ರಸ್ತೆ ಎಂದೇ ಹೆಸರು. 1964ರ ಅಕ್ಟೋಬರಿನಲ್ಲಿ ಸ್ತಂಭವನ್ನು ಕೆಡವಲಾಯಿತು. ಸ್ವತಂತ್ರ ದೇಶದ ನಗರದ ನಡುವೆ, ನಗರವನ್ನು ಗೆದ್ದವರ ಸ್ತಂಭ ಏಕೆ ಇರಬೇಕು ಎಂಬ ಪ್ರಶ್ನೆಯಲ್ಲಿ ನ್ಯಾಯವಿದೆ. ಆದರೆ ಸ್ತಂಭದ ಜೊತೆ ಇನ್ನೊಂದೂ ಹೋಯಿತು. ಇಂದು ಆ ವೃತ್ತದಲ್ಲಿ ನಿಂತವರಿಗೆ ಬೆಂಗಳೂರು ಒಮ್ಮೆ ಮುತ್ತಿಗೆಗೆ ಸಿಕ್ಕಿತ್ತು ಎಂಬುದರ ಸುಳಿವೇ ಇಲ್ಲ. ಗೆದ್ದವರ ಹೆಸರು ಅಳಿಸಿತು, ಸೋತವರ ಹೆಸರು ಆ ಜಾಗಕ್ಕೆ ಬರಲಿಲ್ಲ.

ಹೋಲಿಕೆಗೆ ಶ್ರೀರಂಗಪಟ್ಟಣವನ್ನು ತೆಗೆದುಕೊಳ್ಳಬಹುದು. ಅಲ್ಲಿ 1799ರ ಮೇ 4ರಂದು ಕೋಟೆ ಒಡೆದ ಜಾಗದ ಬಳಿ 1907ರಲ್ಲಿ ಮೈಸೂರು ಸರ್ಕಾರ ನಿಲ್ಲಿಸಿದ, ದಾಳಿ ಮಾಡಿ ಸತ್ತವರ ಸ್ಮಾರಕ ಸ್ತಂಭ ಇದೆ. ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಬೇರೊಂದು ಕಲ್ಲೂ ಇದೆ. ಒಂದೇ ಊರಿನಲ್ಲಿ ಎರಡನ್ನೂ ನೋಡಿ ಬಂದ ಮಗು ಯುದ್ಧಕ್ಕೆ ಎರಡು ಕಡೆ ಇತ್ತು ಎಂದು ತಾನಾಗಿಯೇ ತಿಳಿಯುತ್ತದೆ. ಬೆಂಗಳೂರಿನಲ್ಲಿ ಆ ಎರಡನೆಯ ಕಡೆಯನ್ನು ಶಿಕ್ಷಕರೇ ಬಾಯಿಮಾತಿನಲ್ಲಿ ತುಂಬಿಕೊಡಬೇಕು.

ಒಂದು ಎಚ್ಚರಿಕೆ. ‘ನಮ್ಮವರು’ ಮತ್ತು ‘ಅವರು’ ಎಂದು ಸುಲಭವಾಗಿ ಹೇಳಿಬಿಡಬೇಡಿ. ಕಂಪನಿಯ ಸೈನ್ಯದಲ್ಲಿ ದೊಡ್ಡ ಸಂಖ್ಯೆಯಲ್ಲಿದ್ದವರು ಈ ದೇಶದ ಸಿಪಾಯಿಗಳೇ. ಮಿತ್ರರಾಗಿದ್ದ ನಿಜಾಮ, ಮರಾಠರು ಇಲ್ಲಿಯವರೇ. ನಾನು ಮೊದಲ ದಿನ ‘ನಮ್ಮವರು ಸೋತರು’ ಎಂದಿದ್ದೆ. ನಾಲ್ಕನೆಯ ಅವಧಿಯಲ್ಲಿ ಅದನ್ನು ‘ಮೈಸೂರಿನ ಸೈನ್ಯ ಸೋತಿತು’ ಎಂದು ತಿದ್ದಿಕೊಂಡೆ.

ಮಕ್ಕಳು ಬರೆದ ಫಲಕ

ಕೊನೆಯ ಚಟುವಟಿಕೆ ಇದು. ಹಳೆಯ ಫಲಕ ಅಲ್ಲೇ ಇರಲಿ, ಅದರ ಪಕ್ಕದಲ್ಲಿ ಇನ್ನೊಂದು ಹಾಕುವುದಾದರೆ ಏನು ಬರೆಯುತ್ತೀರಿ? ನಿಯಮ ಮೂರು: ಕನ್ನಡದಲ್ಲಿರಬೇಕು, ಮೂವತ್ತು ಪದ ಮೀರಬಾರದು, ಗೊತ್ತಿರುವ ಸಂಗತಿ ಮಾತ್ರ ಇರಬೇಕು. ಮೂರನೆಯ ನಿಯಮವೇ ಕಷ್ಟವಾದದ್ದು. ‘ವೀರಾವೇಶದಿಂದ’, ‘ರಕ್ತದ ಹೊಳೆ’ ಎಂಬ ಮಾತುಗಳನ್ನು ಅವರೇ ಒಬ್ಬರಿಗೊಬ್ಬರು ಹೊಡೆದು ಹಾಕಿಸಿದರು.

ಒಂದು ಗುಂಪು ಬರೆದದ್ದು: ‘1791ರ ಮಾರ್ಚ್ 21ರ ರಾತ್ರಿ ಕಂಪನಿ ಸೈನ್ಯ ಇಲ್ಲಿ ಗೋಡೆ ಒಡೆದು ಒಳಗೆ ಬಂತು. ಕೋಟೆ ಕಾಯುತ್ತಿದ್ದ ಕಿಲ್ಲೇದಾರ ಬಹದ್ದೂರ್ ಖಾನ್ ಮತ್ತು ಸಾವಿರಕ್ಕೂ ಹೆಚ್ಚು ಜನ ಸತ್ತರು.’

ಮಾರ್ಕೆಟ್ ಹುಡುಗನ ಗುಂಪಿನದು ಇನ್ನೂ ಚಿಕ್ಕದು: ‘ಈ ಗೋಡೆಯ ಒಳಗೂ ಜನ ಇದ್ದರು. ಅವರ ಕಿಲ್ಲೇದಾರನ ಹೆಸರು ಬಹದ್ದೂರ್ ಖಾನ್. ಉಳಿದವರ ಹೆಸರು ಯಾರೂ ಬರೆದಿಲ್ಲ.’

ಇದಕ್ಕೆ ಅಂಕ ಹೇಗೆ ಕೊಡುವುದು ಎಂದು ಮಾರ್ಗದರ್ಶಕರನ್ನು ಕೇಳಿದೆ. “ಕೊಡಬೇಡಿ, ಗೋಡೆಗೆ ಅಂಟಿಸಿ” ಎಂದರು. ತರಗತಿಯ ಗೋಡೆಗೆ ಅಂಟಿಸಿದೆವು.

ಮುಂದೆ ಈ ಪಾಠ ಮಾಡುವವರಿಗೆ

ಮಾರ್ಕೆಟ್ ವೃತ್ತದಲ್ಲಿ ರಸ್ತೆ ದಾಟುವುದೇ ದೊಡ್ಡ ಸವಾಲು. ಹದಿನೈದು ಮಕ್ಕಳಿಗೆ ಒಬ್ಬರಂತೆ ಹಿರಿಯರು ಇರಲಿ. ಪೋಷಕರ ಒಪ್ಪಿಗೆ ಪತ್ರ ಮೊದಲೇ ತೆಗೆದುಕೊಳ್ಳಿ. ಕೋಟೆ ಸಂರಕ್ಷಿತ ಸ್ಮಾರಕವಾದ್ದರಿಂದ ಗೋಡೆ ಹತ್ತುವುದು, ಬರೆಯುವುದು ಕೂಡದೆಂದು ಹೊರಡುವ ಮುನ್ನವೇ ಹೇಳಿ. ಒಳಗಿರುವ ಗಣಪತಿ ಗುಡಿ, ದೆಹಲಿ ಬಾಗಿಲಿನ ಕಮಾನು ನೋಡಲು ಅರ್ಧ ಗಂಟೆ ಇಟ್ಟುಕೊಳ್ಳಿ. ಹೋಗುವ ಮೊದಲು ನೀವೊಬ್ಬರೇ ಒಮ್ಮೆ ಹೋಗಿ ಬನ್ನಿ. ಫಲಕದ ಮುಂದೆ ನಿಂತು, ಅದರಲ್ಲಿ ಇಲ್ಲದವರು ಯಾರು ಎಂದು ಪಟ್ಟಿ ಮಾಡಿಕೊಳ್ಳಿ. ನಾನು ಆ ಪಟ್ಟಿ ಮಾಡದೆ ಹೋಗಿದ್ದೆ, ಮಕ್ಕಳು ಮಾಡಿಕೊಟ್ಟರು.

ನಿಮ್ಮ ಶಾಲೆ ಬೆಂಗಳೂರಿನಲ್ಲೇ ಇರಬೇಕೆಂದಿಲ್ಲ. ಚಿತ್ರದುರ್ಗ, ಬಳ್ಳಾರಿ, ಬೀದರ್, ಮಡಿಕೇರಿ, ನಮ್ಮ ನಾಡಿನಲ್ಲಿ ಕೋಟೆಯ ಊರುಗಳಿಗೆ ಬರವಿಲ್ಲ. ಗೋಡೆ ಇದ್ದಲ್ಲಿ ಸಾಮಾನ್ಯವಾಗಿ ಒಂದು ಫಲಕವೂ ಇರುತ್ತದೆ. ಅದನ್ನು ಮೊದಲು ಮಕ್ಕಳ ಕೈಯಲ್ಲಿ ಜೋರಾಗಿ ಓದಿಸಿ. ಆಮೇಲೆ ಆ ಹುಡುಗಿ ಕೇಳಿದ ಪ್ರಶ್ನೆ ಕೇಳಿ: ಒಳಗಿದ್ದವರು ಏನಾದರು?